ಟ್ರಿಗರ್ ಕೂರಿಸಿದವರದೇ ಕೋವಿ

ಆರ್ವಿಲ್ ಸ್ಟಿಲ್ಟ್‌ನರನ ಮನೆಯಲ್ಲಿ ಊಟದ ಮೇಜಿನ ಮೇಲೆ ಯಾರೂ ಊಟ ಮಾಡದೆ ನಾಲ್ಕು ವರ್ಷವಾಗಿತ್ತು. ಮೇಜಿಗೆ ಏನೂ ಆಗಿರಲಿಲ್ಲ. ಅಕ್ರೋಟು ಮರದ ಮೇಜು, ಆರ್ವಿಲನ ಹೆಂಡತಿ ನೆಲ್ಡಾಳ ಅಜ್ಜಿಯದು, ನೆಂಟರೆಲ್ಲ ಮೊಣಕೈ ತಾಗಿಸದೆ ಕೂತು ಉಣ್ಣುವಷ್ಟು ಉದ್ದ. ಅದರ ಮೇಲೆ ಒಂದು ಕೋವಿ ಮಲಗಿತ್ತು, ಅಷ್ಟೇ. ನಿಜ ಹೇಳಬೇಕೆಂದರೆ ಅದನ್ನು ಕೋವಿ ಅನ್ನುವ ಹಾಗೂ ಇರಲಿಲ್ಲ. ಕೋವಿಯಾಗುತ್ತೇನೆಂದು ಮಾತು ಕೊಟ್ಟು ಮರೆತ ಒಂದಷ್ಟು ಮರ, ಒಂದಷ್ಟು ಕಬ್ಬಿಣ.

ಪೆಟ್ಟಿಗೆಯಲ್ಲಿ ಬಂದ ಸಾಮಾನು ಅದು. ಬಾಯಿಂದ ಮದ್ದು ಸುರಿದು, ಗಜದ ಕಡ್ಡಿಯಲ್ಲಿ ಗುಂಡು ಜಡಿದು, ಮದ್ದಿಗೆ ಕಿಡಿ ಹಚ್ಚಲು ಪುಟ್ಟ ಕೇಪು ಇಟ್ಟು ಹೊಡೆಯುವ ಹಳೆ ಕಾಲದ ಕೋವಿ. ನಳಿಗೆ ತಯಾರು, ಮೇಪಲ್ ಮರದ ಹಿಡಿ ಮುಕ್ಕಾಲು ಪಾಲು ಕೆತ್ತಿದ್ದು, ಸುತ್ತಿಗೆ ಬಡಿಯುವ ಯಂತ್ರ ತಯಾರು, ಮಿಕ್ಕ ತಗಡು ತಿರುಪುಗಳು ಒಂದು ಚೀಲದಲ್ಲಿ. ಒಂದು ವಾರಾಂತ್ಯದಲ್ಲಿ ಜೋಡಿಸಿ ಮುಗಿಸಬಹುದು ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದ್ದರು. ಯಾವ ವಾರಾಂತ್ಯ ಎಂದು ಹಾಕಿಸಿರಲಿಲ್ಲ, ಆದ್ದರಿಂದ ಅವರನ್ನು ಸುಳ್ಳುಗಾರರು ಎನ್ನಲು ಬರುವುದಿಲ್ಲ.

ಆರ್ವಿಲ್ ಕಲ್ಲಿದ್ದಲಿನ ಲಾರಿ ಓಡಿಸಿ ನಿವೃತ್ತನಾದವನು. ಲಾರಿ ಮುಷ್ಕರ ಹೂಡಿದಾಗ ಬೈದು, ಒದ್ದು, ಮತ್ತೆ ಬೈದು ದಾರಿಗೆ ತರುತ್ತಿದ್ದ. ಕೋವಿಯ ಮುಂದೆ ಆ ವಿದ್ಯೆ ನಡೆಯಲಿಲ್ಲ. ಆದರೂ ಬಿಡದೆ ಉಜ್ಜಿದ, ಅರ ಹಾಕಿದ, ಎಣ್ಣೆ ತಿಕ್ಕಿದ. ನಳಿಗೆ ಮರದೊಳಗೆ ಚೆನ್ನಾಗಿ ಕೂತಿತು. ಹಿಡಿ ಮುಖ ಕಾಣುವಷ್ಟು ಹೊಳೆಯಿತು. ಉಳಿದದ್ದು ಟ್ರಿಗರ್ ಒಂದೇ.

ಕೇನಿ ಹೊಳೆಯ ಕಣಿವೆಯಲ್ಲಿ ಟ್ರಿಗರ್ ಅಂದರೆ ಸಣ್ಣ ಮಾತಲ್ಲ. ನಳಿಗೆಯನ್ನು ಯಾರೋ ಕೊರೆದಿರುತ್ತಾರೆ, ಯಂತ್ರವನ್ನು ಯಾರೋ ಎರಕ ಹೊಯ್ದಿರುತ್ತಾರೆ, ಮರವನ್ನಂತೂ ದೇವರೇ ಬೆಳೆಸಿರುತ್ತಾನೆ. ಟ್ರಿಗರ್ ನಿಲ್ಲುವ ಮೊಳೆಯ ತೂತನ್ನು ಮಾತ್ರ ಕೋವಿ ಜೋಡಿಸುವವನೇ ಕೊರೆಯಬೇಕು. ಟ್ರಿಗರಿನ ತಲೆ ಒಳಗಿನ ಕೊಂಡಿಯನ್ನು ಎತ್ತಿದರೆ ಸುತ್ತಿಗೆ ಬೀಳುತ್ತದೆ. ತೂತು ಕೂದಲೆಳೆ ಮೇಲಾದರೆ ಸುತ್ತಿಗೆ ನಿಲ್ಲುವುದೇ ಇಲ್ಲ, ಕೂದಲೆಳೆ ಕೆಳಗಾದರೆ ಬೀಳುವುದೇ ಇಲ್ಲ. ಹಾಗಾಗಿ ಇಲ್ಲಿಯವರ ಕಟ್ಟಳೆ ಏನೆಂದರೆ, ಟ್ರಿಗರ್ ಕೂರಿಸಿದವರದೇ ಕೋವಿ. ಕಾಸು ಕೊಟ್ಟು ತಂದವನು ಬೇರೆ ಯಾರೇ ಆಗಿರಲಿ, ಮೊದಲ ಗುಂಡು ಟ್ರಿಗರ್ ಕೂರಿಸಿದವನದು, ಕೋವಿಯ ಹೆಸರೂ ಅವನದು. ತಂದವನು ಅದನ್ನು ಹೊತ್ತು ತಿರುಗುವ ಆಳು.

ಅದಕ್ಕೇ ಇನ್ನೊಬ್ಬರ ಅರೆಬರೆ ಕೋವಿಯ ಹತ್ತಿರ ಹೋದವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಬಾಯಿ ಎಷ್ಟು ಬೇಕಾದರೂ ಆಡಿಸಬಹುದು, ಬೆರಳು ಆಡಿಸುವ ಹಾಗಿಲ್ಲ. ನಾಲ್ಕು ವರ್ಷದಲ್ಲಿ ಕಣಿವೆಯ ಗಂಡಸರೆಲ್ಲ ಆರ್ವಿಲನ ಮೇಜಿನ ಸುತ್ತ ಹಾಗೆ ನಿಂತು ಹೋಗಿದ್ದರು. ಕಿಟಕಿಯಿಂದ ನೋಡಿದವರಿಗೆ ಯಾರೋ ಹೋಗಿಬಿಟ್ಟಿದ್ದಾರೆ ಅನ್ನಿಸಬೇಕು. ನೆಲ್ಡಾ ಒಬ್ಬೊಬ್ಬರಿಗೂ ಕಾಫಿ ಕೊಟ್ಟು ಸುಸ್ತಾಗಿದ್ದಳು.

ಆರ್ವಿಲನ ಟ್ರಿಗರಿಗೆ ಬಂದ ರೋಗ ವಿಚಿತ್ರವಾಗಿತ್ತು. ನಳಿಗೆಯ ಹಿಂತುದಿಗೆ ಒಂದು ಬಾಲವಿರುತ್ತದೆ. ಆ ಬಾಲದಿಂದ ಒಂದು ಬೋಲ್ಟು ಕೆಳಗಿಳಿದು, ಮರವನ್ನು ದಾಟಿ, ಟ್ರಿಗರ್ ನಿಂತಿರುವ ತಗಡಿಗೆ ಕಚ್ಚಿಕೊಳ್ಳುತ್ತದೆ. ಬೋಲ್ಟು ಸಡಿಲವಾಗಿದ್ದಾಗ ನಳಿಗೆ ಅಲ್ಲಾಡುತ್ತಿತ್ತು, ಆದರೆ ಟ್ರಿಗರ್ ಬೆಣ್ಣೆಯ ಹಾಗೆ ಜಾರುತ್ತಿತ್ತು, ಸುತ್ತಿಗೆ ಟಕ್ ಎಂದು ಬೀಳುತ್ತಿತ್ತು. ಬೋಲ್ಟು ಬಿಗಿ ಮಾಡಿದ ಕೂಡಲೇ ಟ್ರಿಗರ್ ಹಟ ಹಿಡಿದ ಕತ್ತೆ. ಎರಡು ಕೈಯಲ್ಲಿ ಎಳೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಕಾರಣ ಇಷ್ಟೇ. ಬೋಲ್ಟು ಸ್ವಲ್ಪ ಉದ್ದವಾಗಿತ್ತು. ಬಿಗಿ ಮಾಡಿದಾಗ ಅದರ ಮೂತಿ ತಗಡನ್ನು ದಾಟಿ ಟ್ರಿಗರಿನ ಬೆನ್ನಿಗೆ ಒತ್ತುತ್ತಿತ್ತು. ತುದಿಯನ್ನು ಅರದಲ್ಲಿ ನಾಲ್ಕು ಸಲ ಉಜ್ಜಿದ್ದರೆ ಕಥೆ ಮುಗಿದೇ ಹೋಗುತ್ತಿತ್ತು. ನಿಮಗೆ ಹೇಳಿಬಿಟ್ಟೆ, ಆರ್ವಿಲನಿಗೆ ಹೇಳುವವರಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತವರಿಗೆ ಬೋಲ್ಟಿನ ಮೂತಿ ಕಾಣುವುದಾದರೂ ಹೇಗೆ. ಎಲ್ಲರ ಕಣ್ಣೂ ಟ್ರಿಗರಿನ ಮೇಲೆ.

ಆರ್ವಿಲ್ ಮಾಡದ ಚಿಕಿತ್ಸೆಯಿಲ್ಲ. ಟ್ರಿಗರನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದ, ಅದು ಕೊಂಡಿಗೇ ಎಟುಕದಾಯಿತು. ಇನ್ನೊಂದು ತರಿಸಿದ, ಅದನ್ನೂ ಉಜ್ಜಿದ. ಹಾಳಾದ ಟ್ರಿಗರುಗಳೆಲ್ಲ ಜಾಮಿನ ಬಾಟಲಿಯಲ್ಲಿ ಕೂತವು. ಅವುಗಳಲ್ಲಿ ಒಂದನ್ನು ನೆಲ್ಡಾ ಅಡುಗೆಮನೆಯ ಗೋಡೆಗೆ ಹೊಡೆದು ಕೈವಸ್ತ್ರ ನೇತುಹಾಕಿದಳು. ಅಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡಿತು.

ಆಮೇಲೆ ಮರ ತೇವ ಹಿಡಿದು ಉಬ್ಬಿದೆ ಎಂಬ ಸಿದ್ಧಾಂತಕ್ಕೆ ಬಂದ. ಒಂದು ಬೆಳಿಗ್ಗೆ ನೆಲ್ಡಾ ಬಿಸ್ಕತ್ತು ಬೇಯಿಸಲು ಒಲೆಯ ಬಾಗಿಲು ತೆರೆದರೆ ಒಳಗಿಂದ ಕೋವಿಯ ಹಿಡಿ ಇಣುಕುತ್ತಿತ್ತು.

"ಇದೇನೋ ಇದು?"

"ಒಣಗ್ಲಿ ಅಂತ ಇಟ್ಟೆ. ಸಣ್ಣ ಉರಿ ಸಾಕು."

"ಮೇಲೆ ಬೆಣ್ಣೆ ಸವರ್ಲಾ, ಹಾಗೇ ತಿಂತೀಯಾ?"

ಆ ಬೆಳಿಗ್ಗೆಯ ಬಿಸ್ಕತ್ತಿಗೆ ಮರದೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಆರ್ವಿಲ್ ಅದನ್ನೂ ಚೆನ್ನಾಗಿದೆ ಎಂದು ಹೇಳಿ ತಿಂದ.

ಅವನ ನಿಜವಾದ ಸಂಕಟ ಟ್ರಿಗರಿನದಲ್ಲ, ಹೋಬರ್ಟನದು. ಹೋಬರ್ಟ್ ಮಲಿನ್ಸ್ ಅಂದರೆ ನೆಲ್ಡಾಳ ತಮ್ಮ. ಒಂದೇ ಚಳಿಗಾಲದಲ್ಲಿ ಕೋವಿ ಜೋಡಿಸಿ ಮುಗಿಸಿದವನು, ಕಣಿವೆಯ ಕೋವಿ ಕೂಟದ ಗುರಿ ಪಂದ್ಯದಲ್ಲಿ ಹೋರಿಯ ಹಿಂದೊಡೆಯನ್ನು ಬಹುಮಾನ ಗೆದ್ದವನು, ಗೆದ್ದದ್ದನ್ನು ಯಾರೂ ಕೇಳದಿದ್ದರೂ ಹೇಳುವವನು. ಪ್ರತಿ ಭಾನುವಾರ ಚರ್ಚಿನಿಂದ ನೇರ ಭಾವನ ಮನೆಗೆ ಬಂದು, ಮೇಜಿನ ಬಳಿ ಕೈ ಹಿಂದೆ ಕಟ್ಟಿ ನಿಂತು, ಪ್ರಾರ್ಥನೆಯಷ್ಟೇ ಭಕ್ತಿಯಿಂದ ಅದೇ ಮಾತು ಹೇಳುತ್ತಿದ್ದ.

"ಭಾವ, ಪರದೆ ಕೋಲು ಹೇಗಿದೆ?"

"ಕೋವಿ ಅದು."

"ಹಾರೋದಾದ್ರೆ ಕೋವಿ. ಹಾರದಿದ್ರೆ ಪರದೆ ಕಟ್ಟೋಕೆ ಒಳ್ಳೇದು, ಉದ್ದ ಇದೆ. ನನ್ನ ಕೈಗೆ ಒಂದೇ ಒಂದ್ನಿಮಿಷ ಕೊಡು ಭಾವ. ಸ್ಪ್ರಿಂಗಿಂದೇ ತೊಂದ್ರೆ, ನೋಡಿದ್ರೇ ಗೊತ್ತಾಗುತ್ತೆ."

"ಕೈ ಹಿಂದೆ ಇರ್ಲಿ."

"ಇದೆಯಲ್ಲ, ಹಿಂದೇ ಇದೆ. ಪಾಪ, ಅದಕ್ಕೇ ನೋವು."

ಹೋಬರ್ಟನ ಬೆರಳು ತಾಗಿದರೆ ಅದು ಹೋಬರ್ಟನ ಕೋವಿ. ಆಮೇಲೆ ಬದುಕಿರುವಷ್ಟು ದಿನ ಭಾನುವಾರ ಭಾನುವಾರ ಅವನು ಬಂದು ತನ್ನ ಕೋವಿ ಕ್ಷೇಮವೇ ಎಂದು ವಿಚಾರಿಸುತ್ತಾನೆ. ಇದನ್ನು ನೆನೆದಾಗಲೆಲ್ಲ ಆರ್ವಿಲ್ ಎದ್ದು ಹೋಗಿ ಇನ್ನೊಂದು ಟ್ರಿಗರ್ ಉಜ್ಜುತ್ತಿದ್ದ.

ನವೆಂಬರಿನಲ್ಲಿ ಎರಡು ದಿನಗಳು ಹತ್ತಿರ ಬಂದವು. ಶನಿವಾರ ಹೋರಿಯ ಮಾಂಸ ಪಣವಿಟ್ಟ ಕೂಟದ ಗುರಿ ಪಂದ್ಯ, ಅದಾದ ಗುರುವಾರ ಟರ್ಕಿಕೋಳಿ ಬೇಯಿಸಿ ದೇವರಿಗೆ ಕೃತಜ್ಞತೆ ಹೇಳುವ ಹಬ್ಬ. ಈ ಸಲ ಹಬ್ಬಕ್ಕೆ ನೆಲ್ಡಾಳ ಕಡೆಯವರೆಲ್ಲ ಬರುವವರಿದ್ದರು. ಹೋದ ಸಲ ಪಾದ್ರಿಗಳು ಜಾಗವಿಲ್ಲದೆ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಕೂತಷ್ಟೇ ವೇಗದಲ್ಲಿ ಎದ್ದಿದ್ದರು. ಸ್ಟೂಲಿನ ಮೇಲೆ ಅರ ಇತ್ತು. ಆಮೇಲೆ ಅವರು ನಿಂತೇ ದೇವರಿಗೆ ಕೃತಜ್ಞತೆ ಹೇಳಿದರು, ಅದೂ ಚುಟುಕಾಗಿ.

"ಕೇಳಿಲ್ಲಿ," ಎಂದಳು ನೆಲ್ಡಾ. ಅವಳು ಧ್ವನಿ ಏರಿಸಲಿಲ್ಲ, ಅದೇ ಭಯ ಹುಟ್ಟಿಸುವ ವಿಷಯ. "ಗುರುವಾರ ಈ ಮೇಜಿನ ಮೇಲೆ ಕೋಳಿ ಕೂರ್ಬೇಕು. ಕೋವಿ ಶನಿವಾರ ಹಾರಿದ್ರೆ ಸಂತೋಷ, ಗೋಡೆಗೆ ಹಾಕು. ಹಾರದಿದ್ರೆ ಭಾನುವಾರ ಹೋಬರ್ಟ್ ಬರ್ತಾನಲ್ಲ, ಅವನ ಕೈಗೆ ಕೊಡ್ತೀನಿ."

"ನೆಲ್ಡಾ, ಅದೊಂದು ಮಾಡ್ಬೇಡ."

"ಮತ್ತೆ ಆ ಕಾಫಿ ಹಂಡೆ? ಅದರ ನಲ್ಲಿ ಸೋರುತ್ತೆ ಅಂದಿದ್ದಕ್ಕೆ ವಸಂತದಲ್ಲಿ ಬಿಚ್ಚಿ ಇದೇ ಮೇಜಿನ ಮೇಲೆ ಹರವಿದ್ಯಲ್ಲ. ಅದನ್ನ ಯಾರ ಕೈಗೆ ಕೊಡ್ಲಿ?"

ಹೌದು, ಹಂಡೆಯ ನಲ್ಲಿಯೂ ಅಲ್ಲೇ ಇತ್ತು. ನೆಂಟರು ಬಂದಾಗ ಕಾಫಿ ಕಾಸುವ ದೊಡ್ಡ ಹಂಡೆ. ಅದರ ತಿರುಪು, ಹಿಡಿಕೆ, ಒಂದು ಸಣ್ಣ ಹಿತ್ತಾಳೆ ವಾಷರ್, ಎಲ್ಲ ಕೋವಿಯ ತಿರುಪುಗಳ ಜೊತೆ ಸಂಸಾರ ಹೂಡಿದ್ದವು. ಆರ್ವಿಲ್ ಅದನ್ನು ಮರೆತಿರಲಿಲ್ಲ. ಕೋವಿ ಮುಗಿಯಲಿ ಎಂದು ಕಾದಿದ್ದ.

ಆ ವಾರವೆಲ್ಲ ಅವನು ಯೋಚಿಸಿದ. ಕಡೆಗೆ ಒಂದು ಕಳ್ಳ ದಾರಿ ಹೊಳೆಯಿತು. ಬೋಲ್ಟನ್ನು ಅರ್ಧ ಸುತ್ತು ಸಡಿಲ ಬಿಟ್ಟರೆ ಟ್ರಿಗರ್ ಆಡುತ್ತದಲ್ಲ. ಪಂದ್ಯಕ್ಕೆ ಬಿಗಿ ಮಾಡಿಕೊಂಡೇ ಹೋಗುವುದು, ಎಲ್ಲರೂ ಮುಟ್ಟದೆ ನೋಡಿ ಮೆಚ್ಚಲಿ. ತನ್ನ ಸರದಿ ಬಂದಾಗ ಜೇಬಿನಿಂದ ಗಿಡ್ಡ ತಿರುಪುಳಿ ತೆಗೆದು, ಮೂಗು ಒರೆಸಿಕೊಳ್ಳುವವನ ಹಾಗೆ ಬಗ್ಗಿ, ಅರ್ಧ ಸುತ್ತು ಸಡಿಲಿಸಿ ಹೊಡೆದುಬಿಡುವುದು. ಒಂದು ಗುಂಡು ಹಾರಿದರೆ ಸಾಕು. ಮುಂದಿನದಕ್ಕೆ ದೇವರಿದ್ದಾನೆ.

ಶುಕ್ರವಾರ ಮಧ್ಯಾಹ್ನ ಅವನು ಮದ್ದು ಮತ್ತು ಕೇಪು ತರಲು ಪೇಟೆಗೆ ಹೋದ. ಹೋಗುವ ಮೊದಲು ಕೋವಿಯ ಬೋಲ್ಟು ಬಿಚ್ಚಿ, ಎಣ್ಣೆ ಹಚ್ಚಿ, ಮೇಜಿನ ಮೇಲಿಟ್ಟಿದ್ದ. ತಿರುಗಿ ಬರುವಾಗ ಮೇಜು ಖಾಲಿ. ಅದರ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಕೋವಿ ಹಳೆಯ ಕೌದಿಯೊಳಗೆ ಸುತ್ತಿಸಿಕೊಂಡು ಸೋಫಾದ ಮೇಲೆ ಮಗುವಿನ ಹಾಗೆ ಮಲಗಿತ್ತು.

"ಬೋಲ್ಟು?" ಎಂದ ಆರ್ವಿಲ್. ಧ್ವನಿ ಕೀರಲಾಗಿತ್ತು.

"ಹಾಕಿದ್ದೀನಿ. ಬೆಣ್ಣೆ ಚಾಕುವಲ್ಲಿ ತಿರುಗಿಸಿ ಗಟ್ಟಿ ಮಾಡಿದ್ದೀನಿ. ಮೇಜು ಒರೆಸೋವಾಗ ಬಿದ್ದುಹೋಗ್ಬಾರ್ದಲ್ಲ. ಸುಮ್ನೆ ಬಾಯಿ ಬಿಡ್ಬೇಡ, ತೂತು ಎಲ್ಲಿದೆ ಅಂತ ನಂಗೂ ಕಾಣುತ್ತೆ, ನಾಲ್ಕು ವರ್ಷ ನೋಡಿದ್ದೀನಿ."

ಆರ್ವಿಲ್ ಕೌದಿ ಬಿಚ್ಚಲಿಲ್ಲ. ಗಟ್ಟಿ ಮಾಡಿದ್ದಾಳೆ ಅಂದರೆ ಟ್ರಿಗರ್ ಸತ್ತಿದೆ ಎಂದೇ ಅರ್ಥ. ಅದನ್ನು ಇನ್ನೊಮ್ಮೆ ನೋಡುವ ಧೈರ್ಯ ಅವನಿಗಿರಲಿಲ್ಲ. ನಾಳೆ ತಿರುಪುಳಿ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡ.

ಶನಿವಾರ ಬೆಳಿಗ್ಗೆ ಹೊಳೆಯಾಚೆಯ ಹುಲ್ಲುಗಾವಲಿನಲ್ಲಿ ಇಡೀ ಕಣಿವೆ ಸೇರಿತ್ತು. ಗಂಡಸರು ಬೆಂಕಿಯ ಸುತ್ತ ನಿಂತು ತಮ್ಮ ತಮ್ಮ ಹಲಗೆಗಳನ್ನು ಕಪ್ಪಗೆ ಸುಡುತ್ತ, ಅದರ ಮೇಲೆ ಚಾಕುವಿನಲ್ಲಿ ಕತ್ತರಿ ಗುರುತು ಗೀರುತ್ತಿದ್ದರು. ದೂರದ ಹೊಳೆದಂಡೆಯ ದೊಡ್ಡ ಓಕ್ ಮರದ ಮುಂದೆ ಆ ಹಲಗೆಗಳನ್ನು ನೆಡುತ್ತಾರೆ. ಈಚೆಯ ದಿಮ್ಮಿಯ ಮೇಲೆ ಕೋವಿ ಊರಿ ಹೊಡೆಯಬೇಕು. ಕತ್ತರಿಗೆ ಹತ್ತಿರ ಹೊಡೆದ ನಾಲ್ವರಿಗೆ ಹೋರಿಯ ನಾಲ್ಕು ತೊಡೆ, ಐದನೆಯವನಿಗೆ ಚರ್ಮ ಮತ್ತು ಕೊಬ್ಬು. ಆರನೆಯವನಿಗೆ ಓಕ್ ಮರದಲ್ಲಿ ನೆಟ್ಟುಕೊಂಡ ಗುಂಡುಗಳ ಸೀಸ, ಬೇಕಿದ್ದರೆ ಕೆತ್ತಿ ತೆಗೆದುಕೊಳ್ಳಬಹುದು. ಆರನೆಯ ಬಹುಮಾನ ಗೆದ್ದವನನ್ನು ಮುಂದಿನ ವರ್ಷದವರೆಗೂ ಮರಕುಟಿಗ ಎಂದೇ ಕರೆಯುತ್ತಾರೆ.

ಹೋಬರ್ಟ್ ಆಗಲೇ ಹೊಡೆದು ಮುಗಿಸಿದ್ದ. ಗುಂಡು ಕತ್ತರಿಯ ಪಕ್ಕದಲ್ಲೇ ಕೂತಿತ್ತು. ಈಗ ಅವನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ.

"ಬಂದ್ಯಾ ಭಾವ. ಪರದೆ ಕೋಲು ತಂದ್ಯಾ? ಪರದೆ ಎಲ್ಲಿ?"

ಆರ್ವಿಲ್ ಅವನ ಕಡೆ ನೋಡದೆ, ತನ್ನ ಹಲಗೆಯನ್ನು ಹೋಬರ್ಟನ ಹಲಗೆಯ ಪಕ್ಕ ನೆಟ್ಟು ಬಂದು, ದಿಮ್ಮಿಯ ಬಳಿ ಮಂಡಿಯೂರಿದ. ಕೌದಿ ಬಿಚ್ಚಿದ. ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು ಸುತ್ತ ನಿಂತರು. ಅವನು ಬಗ್ಗಿ, ಮೂಗು ಒರೆಸಿಕೊಳ್ಳುವವನ ಹಾಗೆ ಜೇಬಿಗೆ ಕೈ ಹಾಕಿದ. ಕರವಸ್ತ್ರ ಸಿಕ್ಕಿತು. ಇನ್ನೊಂದು ಜೇಬಿಗೆ ಹಾಕಿದ. ಕೇಪಿನ ಡಬ್ಬಿ ಸಿಕ್ಕಿತು. ಕೋಟಿನ ಒಳಜೇಬು, ಪ್ಯಾಂಟಿನ ಹಿಂಜೇಬು, ಎಲ್ಲ ತಡಕಿದ. ಆಗ ನೆನಪಾಯಿತು, ಬೆಳಿಗ್ಗೆ ನೆಲ್ಡಾ ಹಂಡೆಯ ನಲ್ಲಿಯನ್ನು ಹೇಗಾದರೂ ಸಿಗಿಸುತ್ತೇನೆಂದು ತಿರುಪುಳಿ ಇಸಿದುಕೊಂಡಿದ್ದಳು.

ಕೂಟದ ಹಿರಿಯ ಎಸ್ಟಿಲಜ್ಜ ಕೋಲೂರಿಕೊಂಡು ಬಂದು ನಿಂತ. ಹೊಸ ಕೋವಿಯಾದರೆ ಮೊದಲು ಮದ್ದು ಹಾಕದೆ ಬರೀ ಕೇಪು ಹೊಡೆದು ತೋರಿಸಬೇಕು, ಆಮೇಲೆ ಅಜ್ಜ ಕೇಳುವುದನ್ನು ಕೇಳಬೇಕು, ಆಮೇಲೆ ಗುಂಡು.

"ಹೊಡಿಯಪ್ಪ ಕೇಪು," ಎಂದ ಅಜ್ಜ. "ನಂಗೂ ವಯಸ್ಸಾಯ್ತು. ಈ ಕೋವಿ ನೋಡಿ ಸಾಯ್ಬೇಕು ಅಂತ ಕಾಯ್ತಾ ಇದ್ದೀನಿ."

ಆರ್ವಿಲ್ ಕೇಪು ಕೂರಿಸಿದ. ಸುತ್ತಿಗೆ ಎಳೆದು ನಿಲ್ಲಿಸಿದ. ನಾಲ್ಕು ವರ್ಷದ ಮಾನ, ಮುಂದಿನ ಎಲ್ಲ ಭಾನುವಾರಗಳು, ಎಲ್ಲವೂ ಆ ಒಂದು ಬೆರಳಿಗೆ ಬಂದು ಕೂತಿದ್ದವು. ಕಣ್ಣು ಮುಚ್ಚಿ ಎಳೆದ.

ಪಟ್ ಎಂದು ಕೇಪು ಸಿಡಿಯಿತು.

ಆರ್ವಿಲ್ ಕಣ್ಣು ತೆರೆದು ಮೊದಲು ಹಿಂದೆ ನೋಡಿದ, ಬೇರೆ ಯಾರಾದರೂ ಹೊಡೆದರೇನೋ ಎಂದು. ಇನ್ನೊಂದು ಕೇಪು ಕೂರಿಸಿ ಎಳೆದ. ಅದೂ ಸಿಡಿಯಿತು. ಬೋಲ್ಟಿನ ಪಕ್ಕ ಬೆರಳಿಟ್ಟು ನಳಿಗೆ ಅಲುಗಾಡಿಸಿದ. ಕಲ್ಲಿನ ಹಾಗೆ ಗಟ್ಟಿ. ಅವನಿಗೆ ಅಳು ಬರುವ ಹಾಗಾಯಿತು. ಅಷ್ಟು ಖುಷಿಯನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ, ಅವತ್ತು ಬೂಟು ಕಚ್ಚುತ್ತಿತ್ತು.

ಎದ್ದು ನಿಂತವನೇ ಭಾಷಣ ಶುರು ಮಾಡಿದ.

"ಎಲ್ಲಾ ಮರದ್ದೇ ಕಣ್ರಯ್ಯಾ. ನೀವೆಲ್ಲ ಸ್ಪ್ರಿಂಗು ಅಂದ್ರಿ, ಕೊಂಡಿ ಅಂದ್ರಿ. ನಾನು ಅವತ್ತೇ ಹೇಳ್ದೆ, ಮರದಲ್ಲಿ ತೇವ ಇದೆ ಅಂತ. ಒಲೇಲಿಟ್ಟು ಸಣ್ಣ ಉರೀಲಿ ಒಣಗಿಸಿದ್ದು ನಾನು. ನಕ್ಕಿದ್ರಲ್ಲ, ಈಗ ನಗಿ. ಮರ ಅಂದ್ರೆ ಉಸಿರಾಡೋ ವಸ್ತು. ಅದರ ಮನಸ್ಸು ಅರ್ಥ ಮಾಡ್ಕೋಬೇಕು."

ಯಾರೂ ನಗಲಿಲ್ಲ. ಒಂದಿಬ್ಬರು ತಲೆದೂಗಿದರು. ಮನೆಗೆ ಹೋಗಿ ಕೋವಿಯನ್ನು ಒಲೆಗಿಡಬೇಕೆಂದು ಒಬ್ಬ ಮೆಲ್ಲಗೆ ಪಕ್ಕದವನಿಗೆ ಹೇಳಿದ್ದೂ ಕೇಳಿಸಿತು.

ಎಸ್ಟಿಲಜ್ಜ ಕೋವಿಯನ್ನು ಕೈಗೆತ್ತಿಕೊಂಡ. ಅವನೊಬ್ಬನಿಗೆ ಮುಟ್ಟುವ ಹಕ್ಕಿತ್ತು. ಗಂಟಲು ಸರಿಮಾಡಿಕೊಂಡು, ಕೇಳಬೇಕಾದ್ದನ್ನು ಕೇಳಿದ. "ಈ ಕೋವಿಯ ಟ್ರಿಗರ್ ಕೂರಿಸಿದವರು ಯಾರು?"

"ನಾನು," ಎಂದ ಆರ್ವಿಲ್, ಹೊಳೆಯಾಚೆಗೂ ಕೇಳುವ ಹಾಗೆ.

ಹೋಬರ್ಟ್ ಕುತ್ತಿಗೆ ಚಾಚಿ ಅಜ್ಜನ ಕೈಯಲ್ಲಿದ್ದ ಕೋವಿಯನ್ನು ನೋಡುತ್ತಿದ್ದ. "ಭಾವ, ಬಾಲದ ಮೇಲೆ ಇದೇನಿದು? ಬೋಲ್ಟಿನ ತಲೆ ನರಹುಲಿ ಹಾಗೆ ಎದ್ದು ಕೂತಿದೆ. ಕೆಳಗೆ ವಾಷರ್ ಹಾಕಿದ್ಯಲ್ಲ."

ಆರ್ವಿಲ್ ನೋಡಿದ. ಹೌದು, ಬೋಲ್ಟಿನ ತಲೆಯ ಕೆಳಗೆ ಒಂದು ಹಿತ್ತಾಳೆ ವಾಷರ್ ಮಿನುಗುತ್ತಿತ್ತು. ಈ ಭೂಮಿಯ ಮೇಲೆ ಯಾರೂ ಹಳೆ ಕಾಲದ ಕೋವಿಯ ಬಾಲಕ್ಕೆ ವಾಷರ್ ಹಾಕುವುದಿಲ್ಲ.

ಹೋಬರ್ಟನ ಮುಖದಲ್ಲಿ ಏನೋ ಬದಲಾಯಿತು. "ಓ," ಎಂದ. "ಬೋಲ್ಟು ಉದ್ದ ಇತ್ತು. ಮೂತಿ ಹೋಗಿ ಟ್ರಿಗರಿಗೆ ಒತ್ತುತ್ತಾ ಇತ್ತು. ನೀನು ಅದನ್ನ ವಾಷರಿನ ದಪ್ಪದಷ್ಟು ಮೇಲೆತ್ತಿಬಿಟ್ಟೆ. ಭಾವ, ನೋಡೋಕೆ ಅಸಹ್ಯವಾಗಿದೆ, ಆದ್ರೆ ಬುದ್ಧಿ ಅಂದ್ರೆ ಇದು. ನಂಗೂ ಹೊಳೆದಿರಲಿಲ್ಲ. ದಿಟವಾಗ್ಲೂ."

ಮೂವತ್ತು ವರ್ಷದ ಸಂಬಂಧದಲ್ಲಿ ಹೋಬರ್ಟನ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಆರ್ವಿಲನಿಗೆ ಆ ವಾಷರ್ ಎಲ್ಲಿಯದೆಂದು ನೋಡಿದ ಕೂಡಲೇ ಗೊತ್ತಾಗಿತ್ತು. ಒಲೆ, ತೇವ, ಉಸಿರಾಡುವ ಮರ, ಎಲ್ಲವೂ ನೀರಿನಲ್ಲಿ ಹೋಮವಾದದ್ದೂ ಗೊತ್ತಾಗಿತ್ತು. ಬಾಯಿ ತೆರೆದು ನಿಜ ಹೇಳಬೇಕೆಂದುಕೊಂಡ. ಆದರೆ ಹೊಗಳಿಕೆ ಬಿಸಿ ಬಿಸಿಯಾಗಿತ್ತು.

"ಹೂಂ," ಎಂದುಬಿಟ್ಟ. "ಏನೋ ಹೊಳೀತು."

ಅದೇ ಹೊತ್ತಿಗೆ ನೆಲ್ಡಾ ಸೇಬಿನ ಪೈ ಹಂಚುತ್ತ ಅಲ್ಲಿಗೆ ಬಂದಳು. ಅಜ್ಜನ ಕೈಗೆ ತಟ್ಟೆ ಕೊಡಲು ಹೋಗಿ ಕೋವಿಯ ಕಡೆ ಕಣ್ಣು ಹಾಯಿಸಿದಳು.

"ಆ ಉಂಗುರ ಸರಿಯಾಗಿ ಕೂತಿದೆಯಾ?" ಎಂದಳು. "ನಿನ್ನೆ ನಾನು ಹಾಕಿದ್ದು. ಬೋಲ್ಟಿನ ಪಕ್ಕದಲ್ಲೇ ಬಿದ್ದಿತ್ತು, ಅದರದ್ದೇ ಇರ್ಬೇಕು ಅಂತ ಹಾಕ್ದೆ. ಇವತ್ತು ಬೆಳಿಗ್ಗೆ ಹಂಡೆ ನಲ್ಲಿ ಸಿಗಿಸೋವಾಗ್ಲೇ ತಿಳಿದಿದ್ದು, ಅದು ಹಂಡೇದು ಅಂತ. ಹಾಳಾಗ್ಲಿ ಅಂತ ಸುಮ್ನಾದೆ."

ಆರ್ವಿಲನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ, ಹೋಬರ್ಟ್ ಬಿಟ್ಟ.

"ಅಜ್ಜ, ಇನ್ನೊಂದ್ಸಲ ಕೇಳು. ಟ್ರಿಗರ್ ಕೂರಿಸಿದವರು ಯಾರು ಅಂತ."

ಎಸ್ಟಿಲಜ್ಜನಿಗೆ ಇಂಥ ವ್ಯಾಜ್ಯ ಅಂದರೆ ಪೈಗಿಂತ ಇಷ್ಟ. ಅವನು ತಿರುಪುಳಿ ತರಿಸಿ, ವಾಷರ್ ತೆಗೆದು ಬೋಲ್ಟು ಬಿಗಿ ಮಾಡಿದ. ಟ್ರಿಗರ್ ಎಳೆದ. ಸತ್ತಿತ್ತು. ವಾಷರ್ ಹಾಕಿ ಬಿಗಿ ಮಾಡಿದ. ಟಕ್. ಮತ್ತೆ ತೆಗೆದ, ಮತ್ತೆ ಹಾಕಿದ.

"ತೂತು ಕೊರೆದದ್ದು ಆರ್ವಿಲ್," ಎಂದ. "ಉಜ್ಜಿದ್ದು ಆರ್ವಿಲ್. ಒಲೇಲಿ ಬೇಯಿಸಿದ್ದೂ ಅವನೇ, ಅದನ್ನ ಯಾರೂ ಕಿತ್ಕೊಳ್ಳಲ್ಲ. ಆದ್ರೆ ಕೂರಿಸೋದು ಅಂದ್ರೆ ಕೆಲಸ ಮಾಡೋ ಹಾಗೆ ಕೂರಿಸೋದು. ಅದನ್ನ ಮಾಡಿದ್ದು ನೆಲ್ಡಾ. ಕೋವಿ ನೆಲ್ಡಾಂದು. ಮೊದಲ ಗುಂಡು ಅವಳ್ದು."

ಆರ್ವಿಲನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆದರೆ ಅವೆರಡರ ಕೆಳಗೆ, ಅವನೇ ಬೆಚ್ಚುವ ಹಾಗೆ, ಒಂದು ದೊಡ್ಡ ನಿರಾಳ. ಕೋವಿ ಹೋಬರ್ಟನದಾಗಲಿಲ್ಲ. ಇನ್ನೆಂದಿಗೂ ಆಗುವುದಿಲ್ಲ. ಅವನು ಕೋವಿಗೆ ಮದ್ದು ಸುರಿದು, ಗುಂಡು ಜಡಿದು, ಕೇಪು ಕೂರಿಸಿ ಹೆಂಡತಿಯ ಕೈಗೆ ಕೊಟ್ಟ.

"ನಂಗೇನು ಬರುತ್ತೆ ಇದು?" ಎಂದಳು ನೆಲ್ಡಾ.

"ದಿಮ್ಮಿ ಮೇಲಿಡು. ಕಪ್ಪು ಹಲಗೆ ನೋಡು. ಎಳಿ."

"ಯಾವ ಹಲಗೆ? ಎಲ್ಲಾ ಕಪ್ಪಗಿದೆಯಲ್ಲ."

ಇದಕ್ಕೆ ಉತ್ತರ ಹೇಳುವಷ್ಟರಲ್ಲಿ ಅವಳು ಎಳೆದಾಗಿತ್ತು. ಢಂ ಎಂದು ಹೊಗೆ ತುಂಬಿತು. ಹೊಗೆ ಸರಿದಾಗ ಆರ್ವಿಲನ ಹಲಗೆ ಮದುಮಗಳ ಹಾಗೆ ನಿಂತಿತ್ತು, ಒಂದು ಗೀರೂ ಇಲ್ಲ. ಅದರ ಪಕ್ಕದ ಹೋಬರ್ಟನ ಹಲಗೆ ನಡು ಸೀಳಿ, ಒಂದು ಹೋಳು ಹುಲ್ಲಿನ ಮೇಲೂ ಇನ್ನೊಂದು ಹೋಳು ಹೊಳೆಯಲ್ಲೂ ಇತ್ತು. ಹೊಳೆಯ ಹೋಳು ಅವನ ಗುಂಡಿನ ಗುರುತನ್ನು ಹೊತ್ತುಕೊಂಡು ಸಾವಕಾಶವಾಗಿ ಪೇಟೆಯ ಕಡೆ ಹೊರಟಿತ್ತು.

"ಲೋ ಹೋಬರ್ಟ್, ಅದು ನಿಂದೇನೋ?" ಎಂದಳು ನೆಲ್ಡಾ. "ಪರದೆ ಕೋಲು ಅಂದಿದ್ಯಲ್ಲಪ್ಪ. ಹೀಗೆ ಹಾರುತ್ತೆ ಅಂತ ನಂಗೇನು ಗೊತ್ತು."

ಹಲಗೆಯಿಲ್ಲದೆ ಅಳೆಯುವುದು ಹೇಗೆ ಎಂದು ಅಜ್ಜ ಬಹಳ ಹೊತ್ತು ತಲೆ ಕೆರೆದುಕೊಂಡ. ಕಡೆಗೆ ಹೋಬರ್ಟನಿಗೆ ಕರುಣೆ ತೋರಿ ಆರನೆಯ ಬಹುಮಾನ ಕೊಟ್ಟ. ಸಂಜೆಯವರೆಗೂ ಓಕ್ ಮರದ ಕಡೆಯಿಂದ ಟಕಟಕ ಕೇಳುತ್ತಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಗಾಡಿ ಓಡಿಸುತ್ತ ಆರ್ವಿಲ್ ಕೇಳಿದ. "ಹಾಗಾದ್ರೆ ಕೋವಿ ನಿಂದು."

"ಅಜ್ಜ ಹಾಗಂದ್ನಲ್ಲ."

"ಮೇಜೂ ನಿಂದು."

"ಅದು ನಮ್ಮಜ್ಜೀದು. ಹೌದು, ನಂದೇ."

"ನಾನು ಹೊಡೀಬೇಕು ಅಂದ್ರೆ?"

"ಕೇಳಿ ತಗೊಂಡೋಗು. ಒರೆಸಿ ತಂದಿಡು." ನೆಲ್ಡಾ ಅವನ ಮೊಣಕಾಲು ತಟ್ಟಿದಳು. "ಹಿಡಿ ಚೆನ್ನಾಗಿ ಹೊಳೀತಾ ಇತ್ತು ಕಣೋ. ಎಲ್ಲರೂ ಅದನ್ನೇ ನೋಡ್ತಿದ್ರು."

ಗುರುವಾರ ಮೇಜಿನ ಮೇಲೆ ಟರ್ಕಿಕೋಳಿ ಕೂತಿತು. ಅದರ ಸುತ್ತ ನೆಲ್ಡಾಳ ಕಡೆಯವರೆಲ್ಲ ಕೂತರು. ಪಾದ್ರಿಗಳು ಕುರ್ಚಿಯನ್ನು ಅಂಗೈಯಲ್ಲಿ ಸವರಿ ನೋಡಿ ಕೂತರು. ಬೆಂಕಿಗೂಡಿನ ಮೇಲಿನ ಗೋಡೆಯಲ್ಲಿ ಕೋವಿ ನೇತಾಡುತ್ತಿತ್ತು. ಬೋಲ್ಟಿನ ತುದಿ ಅರ ಹಾಕಿ ವಾಷರ್ ತೆಗೆದುಬಿಡು ಎಂದು ಎಲ್ಲರೂ ಹೇಳಿದರು. ನೆಲ್ಡಾ ಬಿಡಲಿಲ್ಲ. ತಾನು ಕೂರಿಸಿದ್ದು, ಹಾಗೇ ಇರಲಿ ಅಂದಳು.

ಹಾಗಾಗಿ ಮೂಲೆಯಲ್ಲಿ ಕಾಫಿ ಹಂಡೆ ತೊಟ್ಟಿಕ್ಕುತ್ತಿತ್ತು. ಕೆಳಗೆ ಬೋಗುಣಿ ಇಟ್ಟಿದ್ದರು, ಪ್ರಾರ್ಥನೆಯ ನಡುವೆಯೂ ಟಪ್ ಟಪ್ ಎಂದು ಕೇಳುತ್ತಿತ್ತು. ಊಟ ಮುಗಿದ ಮೇಲೆ ಆರ್ವಿಲ್ ಎದ್ದು ಹೋಗಿ ಹಂಡೆಯ ಮುಂದೆ ಕೂತು ಒಂದಷ್ಟು ಹೊತ್ತು ಅದನ್ನೇ ನೋಡಿದ. ಆಮೇಲೆ ನಲ್ಲಿಯನ್ನು ಬಿಚ್ಚಿ ತಂದು, ಮೇಜಿನ ಒಂದು ತುದಿಯಲ್ಲಿ ಪೈ ತಟ್ಟೆಗಳನ್ನು ಸರಿಸಿ, ತಿರುಪು ಒಂದು ಕಡೆ ಹಿಡಿಕೆ ಒಂದು ಕಡೆ ಜೋಡಿಸಿಟ್ಟ. ಜಾಮಿನ ಬಾಟಲಿಯನ್ನೂ ತಂದಿಟ್ಟ, ಯಾವುದಾದರೂ ಟ್ರಿಗರ್ ಉಪಯೋಗಕ್ಕೆ ಬಂದೀತು ಎಂದು.

ನೆಲ್ಡಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಬಯ್ಯಬೇಕೆಂದು ಮೇಜಿನ ಬಳಿ ಬಂದಳು. ಗಂಡನ ಮುಖದಲ್ಲಿದ್ದ ಸಂತೋಷ ನೋಡಿ ಇನ್ನೊಂದೆರಡು ತಟ್ಟೆ ಸರಿಸಿ ಜಾಗ ಮಾಡಿಕೊಟ್ಟಳು.

ಹೋಬರ್ಟ್ ಕೈಯ ಬೊಬ್ಬೆಗಳಿಗೆ ಬೆಣ್ಣೆ ಸವರಿಕೊಳ್ಳುತ್ತ ಪಕ್ಕಕ್ಕೆ ಬಂದು ನಿಂತ. "ಒಂದೇ ಒಂದ್ನಿಮಿಷ ಕೊಡು ಭಾವ," ಎಂದ. "ನೋಡಿದ್ರೇ ಗೊತ್ತಾಗುತ್ತೆ. ಸ್ಪ್ರಿಂಗಿಂದೇ ತೊಂದ್ರೆ."

"ಕೈ ಹಿಂದೆ ಕಟ್ಕೋ," ಎಂದ ಆರ್ವಿಲ್. "ನಲ್ಲಿ ಕೂರಿಸಿದವರದೇ ಹಂಡೆ. ಈ ಮನೇಲಿ ನಂದು ಅಂತ ಒಂದಾದ್ರೂ ಇರ್ಲಿ."